ವಿಮಾನಶಿಲ್ಪಿ ಕುರ್ಟ್ ಟ್ಯಾಂಕ್

ಯಂತ್ರವೊಂದರ ಬಲವನ್ನು ಅದರ ಎಂಜಿನ್ನಿನಿಂದ ಮಾತ್ರವೇ ಅಳೆಯುವುದು ವಾಡಿಕೆ. ಆದರೆ ಆ ಎಂಜಿನ್ ಎಷ್ಟು ಭಾರವನ್ನು ಹೊರಬೇಕು, ಆ ಭಾರ ಎಲ್ಲಿ ಕುಳಿತಿದೆ ಎಂಬುದೂ ಅಷ್ಟೇ ಮುಖ್ಯ. ಹೇರು ಮುಂದಕ್ಕೆ ಹೆಚ್ಚಾದರೆ ಗಾಡಿಯ ಎತ್ತುಗಳ ಹೆಗಲು ನೋಯುತ್ತದೆ. ಹಿಂದಕ್ಕೆ ಹೆಚ್ಚಾದರೆ ನೊಗವೇ ಮೇಲಕ್ಕೇಳುತ್ತದೆ. ಹಳೆಯ ಮೋಟಾರು ಕಾರಿನ ತೂಕವನ್ನು ಇಳಿಸಿ, ಅದಕ್ಕೆ ಹೆಚ್ಚು ಬಲದ ಎಂಜಿನ್ ಕೂರಿಸಲು ಹೊರಟವನೂ ಈ ಲೆಕ್ಕವನ್ನೇ ಮಾಡಬೇಕು. ಜೀವನವಿಡೀ ಇಂಥ ಲೆಕ್ಕದಲ್ಲಿ ತೊಡಗಿದ್ದು, ತಮ್ಮ ಬಾಳಿನ ಸುಮಾರು 11 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು ಕುರ್ಟ್ ಟ್ಯಾಂಕ್.

ಟ್ಯಾಂಕ್ ಅವರು ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೊಮ್‌ಬರ್ಗ್ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿನಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಅವರು ಕುದುರೆ ದಳದ ಸೈನಿಕರಾಗಿದ್ದರು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನಲ್ಲಿ ತಾಂತ್ರಿಕ ಶಿಕ್ಷಣ ಪಡೆದು, 1931ರಲ್ಲಿ ಫೋಕೆ-ವುಲ್ಫ್ ಎಂಬ ವಿಮಾನ ಕಾರ್ಖಾನೆಯನ್ನು ಸೇರಿದರು. ತಾವು ರಚಿಸಿದ ವಿಮಾನಗಳನ್ನು ತಾವೇ ಹಾರಿಸಿ ಪರೀಕ್ಷಿಸಬಲ್ಲ ನಿಪುಣರಾಗಿದ್ದರು. ಅವರ ಕಾಂಡೊರ್ ಎಂಬ ಪ್ರಯಾಣಿಕ ವಿಮಾನ 1938ರಲ್ಲಿ ಬರ್ಲಿನ್ನಿನಿಂದ ನ್ಯೂಯಾರ್ಕಿಗೆ ಎಲ್ಲಿಯೂ ಇಳಿಯದೆ ಹಾರಿ ಲೋಕವನ್ನು ಬೆರಗುಗೊಳಿಸಿತು.

ಯುದ್ಧವಿಮಾನವು ಪಂದ್ಯದ ಕುದುರೆಯಂತೆ ನಾಜೂಕಾಗಿರದೆ, ದಂಡಿನ ಕುದುರೆಯಂತೆ ಗಟ್ಟಿಮುಟ್ಟಾಗಿರಬೇಕೆಂಬುದು ಅವರ ನಿಲುವು. ಆ ನಿಲುವಿನಿಂದ ಮೂಡಿದ ಫೋಕೆ-ವುಲ್ಫ್ 190 ವಿಮಾನವು 1939ರ ಜೂನ್ 1ರಂದು ಮೊದಲು ಹಾರಿತು. ಅದರ ಎಂಜಿನ್ ವಿಪರೀತ ಕಾಯ್ದು, ಚಾಲಕನ ಕೋಣೆ ಕುಲುಮೆಯಂತಾಗುತ್ತಿತ್ತು. ಅದರ ಬದಲಿಗೆ ಬಂದ ಎಂಜಿನ್ ಹೆಚ್ಚು ಬಲವುಳ್ಳದ್ದು. ಜೊತೆಗೆ ಹೆಚ್ಚು ಭಾರವುಳ್ಳದ್ದು. ಮುಂದೆ ಬಿದ್ದ ಭಾರವನ್ನು ಸರಿದೂಗಿಸಲು ಟ್ಯಾಂಕ್ ಅವರು ಚಾಲಕನ ಆಸನವನ್ನು ಹಿಂದಕ್ಕೆ ಸರಿಸಿದರು. ಮುಂದೆ ಇದೇ ವಿಮಾನಕ್ಕೆ ದ್ರವದಿಂದ ತಂಪಾಗುವ, ಉದ್ದನೆಯ ಮತ್ತೊಂದು ಎಂಜಿನ್ನನ್ನು ಜೋಡಿಸಬೇಕಾಯಿತು. ಮೂತಿ ಉದ್ದವಾದುದರಿಂದ ಬಾಲದ ಕಡೆಯೂ ಸುಮಾರು 50 ಸೆಂಟಿಮೀಟರ್ ಉದ್ದದ ತುಂಡೊಂದನ್ನು ಸೇರಿಸಿ ಸಮತೋಲ ಕಾಯ್ದರು. ಹೊಸ ರೂಪದ ವಿಮಾನ 1944ರಲ್ಲಿ ಬಳಕೆಗೆ ಬಂದಿತು. ಎಂಜಿನ್ ಬದಲಾದರೆ ಇಡೀ ವಿಮಾನವೇ ಬದಲಾಗಬೇಕೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಈ ಕೌಶಲವೆಲ್ಲ ಹಿಟ್ಲರನ ಅನ್ಯಾಯದ ಯುದ್ಧಕ್ಕೆ ಸಂದಿತು. ಆ ಕಾಲದಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಪರದೇಶದ ಸೆರೆಯಾಳುಗಳನ್ನು ಬಲವಂತದಿಂದ ದುಡಿಸಲಾಯಿತು. ಟ್ಯಾಂಕ್ ಅವರ ಪ್ರತಿಭೆಯನ್ನು ಮೆಚ್ಚುವಾಗ ಈ ಸಂಗತಿಯನ್ನು ಮರೆಯುವಂತಿಲ್ಲ.

ಜರ್ಮನಿ ಸೋತ ಬಳಿಕ ಅಲ್ಲಿ ವಿಮಾನ ನಿರ್ಮಾಣಕ್ಕೆ ಅವಕಾಶವಿರಲಿಲ್ಲ. ಟ್ಯಾಂಕ್ 1947ರಲ್ಲಿ ಅರ್ಜೆಂಟೀನಾಕ್ಕೆ ತೆರಳಿ, ಅಲ್ಲಿ ಜೆಟ್ ವಿಮಾನವೊಂದನ್ನು ರೂಪಿಸಿದರು. 1955ರಲ್ಲಿ ಆ ದೇಶದ ಸರಕಾರ ಉರುಳಿತು. ಮರುವರ್ಷ ಭಾರತದ ಕರೆಗೆ ಓಗೊಟ್ಟು ಅವರು ಬೆಂಗಳೂರಿಗೆ ಬಂದರು.

ಶಬ್ದದ ಎರಡರಷ್ಟು ವೇಗದಲ್ಲಿ ಹಾರುವ ಯುದ್ಧವಿಮಾನ ಬೇಕೆಂಬುದು ನಮ್ಮ ವಾಯುಪಡೆಯ ಅಪೇಕ್ಷೆಯಾಗಿತ್ತು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಂಥ ಕಾರ್ಯಕ್ಕೆ ತಕ್ಕ ಅನುಭವ ಆಗಿನ್ನೂ ಇರಲಿಲ್ಲ. ಟ್ಯಾಂಕ್ ಅವರು ನಮ್ಮ ತರುಣ ಎಂಜಿನಿಯರುಗಳನ್ನು ಜೊತೆಗೂಡಿಸಿಕೊಂಡು ಕೆಲಸಕ್ಕೆ ಕೈಹಾಕಿದರು. ಮೊದಲು ಎಂಜಿನ್ನಿಲ್ಲದ ಮರದ ವಿಮಾನವೊಂದನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ, ಡಕೋಟಾ ವಿಮಾನದಿಂದ ಎಳೆಯಿಸಿ, 1959ರಲ್ಲಿ ಬಾನಿನಲ್ಲಿ ತೇಲಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ನಿಜವಾದ ವಿಮಾನವನ್ನು ಬೆಂಗಳೂರಿನಲ್ಲಿ ಹಾರಿಸಿದರು. ಅದಕ್ಕೆ ಮರುತ್ ಎಂಬ ಹೆಸರಾಯಿತು.

ಆದರೆ ಯಾವ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಮರುತ್‌ನ ಒಡಲನ್ನು ರೂಪಿಸಲಾಗಿತ್ತೋ ಆ ಎಂಜಿನ್ ಬರಲೇ ಇಲ್ಲ. ಬ್ರಿಟನ್ ಅದರ ತಯಾರಿಕೆಯ ಯತ್ನವನ್ನು ಕೈಬಿಟ್ಟಿತು. ಅದನ್ನು ಮುಂದುವರಿಸುವ ವೆಚ್ಚವನ್ನು ಹೊರಲು ಭಾರತ ಒಪ್ಪಲಿಲ್ಲ. ಕೊನೆಗೆ ಸುಮಾರು 2,200 ಕಿಲೋಗ್ರಾಂ ನೂಕುಬಲದ ಎರಡು ಆರ್ಫಿಯಸ್ ಎಂಜಿನ್ನುಗಳನ್ನೇ ಕೂರಿಸಬೇಕಾಯಿತು. ಒಡಲು ವೇಗಕ್ಕೆ ಸಿದ್ಧವಾಗಿತ್ತು. ಆದರೆ ಎಂಜಿನ್ನುಗಳ ಬಲ ಅದಕ್ಕೆ ಸಾಲಲಿಲ್ಲ. ಮರುತ್ ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು.

ಕೊರತೆಯನ್ನು ನೀಗಲು ಯತ್ನಗಳು ನಡೆಯದೆ ಇರಲಿಲ್ಲ. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಎಂಜಿನ್ನೊಂದನ್ನು ಮರುತ್‌ಗೆ ಜೋಡಿಸಿ 1967ರಲ್ಲಿ ಅಲ್ಲಿಯೇ ಹಾರಿಸಲಾಯಿತು. ಎರಡು ವರ್ಷಗಳಲ್ಲಿ ಆ ಯೋಜನೆಯೂ ನಿಂತುಹೋಯಿತು. ಬೆಂಗಳೂರಿನಲ್ಲಿ ಆರ್ಫಿಯಸ್ ಎಂಜಿನ್ನಿನ ಹಿಂಬದಿಯಲ್ಲಿ ಮತ್ತೆ ಇಂಧನ ಉರಿಸಿ ಬಲ ಹೆಚ್ಚಿಸುವ ಪ್ರಯೋಗ ನಡೆಯಿತು. ಇದಕ್ಕಾಗಿ ಹಿಂಭಾಗವನ್ನು ಮಾರ್ಪಡಿಸಿದಾಗ ಗಾಳಿಯ ತಡೆ ಹೆಚ್ಚಿತು. ಅಂಥ ವಿಮಾನವೊಂದರಲ್ಲಿ 1970ರ ಜನವರಿ 10ರಂದು ಸುರಂಜನ್ ದಾಸ್ ಅವರು ಮೇಲೇರುವಾಗಲೇ ಅಪಘಾತಕ್ಕೀಡಾಗಿ ಪ್ರಾಣ ಕಳೆದುಕೊಂಡರು.

ಆದರೂ ಮರುತ್ ವ್ಯರ್ಥವಾಗಲಿಲ್ಲ. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ನೆಲಕ್ಕೆ ಸಮೀಪವಾಗಿ ಹಾರಿ ದಿಟ್ಟತನದಿಂದ ಹೋರಾಡಿದವು. ಒಂದು ಎಂಜಿನ್ ಪೆಟ್ಟು ತಿಂದರೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಪ್ರಸಂಗಗಳುಂಟು. ದಂಡಿನ ಕುದುರೆಯ ಗಟ್ಟಿತನ ಅದರಲ್ಲಿ ಇಳಿದು ಬಂದಿತ್ತು.

ಟ್ಯಾಂಕ್ 1967ರಲ್ಲಿ ಬೆಂಗಳೂರನ್ನು ಬಿಟ್ಟು ಸ್ವದೇಶಕ್ಕೆ ಹಿಂದಿರುಗಿದರು. 1983ರ ಜೂನ್ 5ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡರು. ಅವರು ಬಿಡಿಸದೆ ಹೋದ ಒಗಟು ಮಾತ್ರ ಇಲ್ಲಿಯೇ ಉಳಿಯಿತು. ಮುಂದೆ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನಕ್ಕೆ, ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಕಾವೇರಿಯ ಹೆಸರನ್ನು ಹೊತ್ತ ಸ್ವದೇಶಿ ಎಂಜಿನ್ನನ್ನು ಜೋಡಿಸಬೇಕೆಂಬ ಸಂಕಲ್ಪವಿತ್ತು. ಆದರೆ 2001ರ ಜನವರಿ 4ರಂದು ತೇಜಸ್ ಮೊದಲ ಬಾರಿಗೆ ಹಾರಿದ್ದು ಅಮೆರಿಕದ ಎಂಜಿನ್ನಿನಿಂದ. ಒಡಲನ್ನು ಕಟ್ಟುವ ಕೈಗೆ ಎಂಜಿನ್ನನ್ನೂ ಕಟ್ಟುವ ಶಕ್ತಿ ಬಂದಾಗಲೇ ಸ್ವಾವಲಂಬನೆ ಪೂರ್ಣವಾದೀತು. ಕುರ್ಟ್ ಟ್ಯಾಂಕ್ ಅವರ ಬೆಂಗಳೂರಿನ ವರ್ಷಗಳು ನಾಡಿಗೆ ಕಲಿಸಿದ ಪಾಠವಿದು.