ಕೇಡಗಾಂವದ ಪಂಡಿತೆ

ರಜೆಯ ದಿನಗಳಲ್ಲಿ ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೊರಡುವ ನಮ್ಮವರ ಕಣ್ಣಿಗೆ, ದೌಂಡ ಬರುವ ಮುನ್ನ ಕೇಡಗಾಂವವೆಂಬ ಸಣ್ಣ ನಿಲ್ದಾಣವೊಂದು ಬಿದ್ದು ಮರೆಯಾಗುತ್ತದೆ. ಕನ್ನಡ ನಾಡಿನ ಕಾಡಿನಲ್ಲಿ ಹುಟ್ಟಿದ ವಿದುಷಿಯೊಬ್ಬರು ತಮ್ಮ ಬಾಳಿನ ಕೊನೆಯ ಇಪ್ಪತ್ತೈದು ವರುಷಗಳನ್ನು ಅಲ್ಲಿಯೇ ಸವೆಸಿದರೆಂಬುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಅವರೇ ಪಂಡಿತಾ ರಮಾಬಾಯಿಯವರು.

ಅವರ ಜನನ 1858ನೆಯ ಇಸವಿ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿಗಳು ಉಗಮಿಸುವ ಗಂಗಾಮೂಲದ ಅರಣ್ಯದಲ್ಲಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಂಗಳೂರು ಸೀಮೆಯವರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದುದಕ್ಕಾಗಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವರು. ಮಗು ಆರು ತಿಂಗಳದ್ದಿರುವಾಗ ಆಸ್ತಿಯೆಲ್ಲ ಕರಗಿ, ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಇಟ್ಟು ಆ ಕೂಸನ್ನು ಬೆಟ್ಟದಿಂದ ಕೆಳಗಿಳಿಸಿದರಂತೆ. ಅಂದಿನಿಂದ ಅವರಿಗೆ ಮನೆಯೆಂಬುದು ಇರಲಿಲ್ಲ. ಪುರಾಣಪಠಣವೇ ಜೀವನೋಪಾಯ. ತಾಯಿಯೇ ಗುರು, ಮರಾಠಿ, ಸಂಸ್ಕೃತಗಳ ಜೊತೆಗೆ ಊರೂರು ತಿರುಗುತ್ತ ಕನ್ನಡ, ಹಿಂದುಸ್ತಾನಿ, ಬಂಗಾಳಿಗಳೂ ಬಂದವು.

ಮಹಾಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು. ಹಸಿದವರ ಮುಖ ಹೇಗಿರುತ್ತದೆಂಬುದನ್ನು ರಮಾಬಾಯಿಯವರು ಪುಸ್ತಕದಿಂದ ಕಲಿಯಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದೇ ಬೀಜ.

ಅಣ್ಣ ಶ್ರೀನಿವಾಸನೊಡನೆ ನಡೆದೇ ಸಾಗಿ 1878ರಲ್ಲಿ ಕಲಕತ್ತೆಯನ್ನು ಸೇರಿದಾಗ, ಅಲ್ಲಿಯ ವಿದ್ವಾಂಸರು ಈ ಇಪ್ಪತ್ತರ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರುಷ ಅವರು ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸರನ್ನು ಜಾತಿಯ ಕಟ್ಟು ಮೀರಿ ವಿವಾಹವಾದರು. ಮಗಳು ಮನೋರಮೆ ಹುಟ್ಟಿ ವರುಷ ತುಂಬುವ ಮುನ್ನವೇ, 1882ರಲ್ಲಿ, ಪತಿಯು ಕಾಲರಾಕ್ಕೆ ತುತ್ತಾದನು. ವಿಧವೆಯಾಗಿ ಪುಣೆಗೆ ಬಂದ ರಮಾಬಾಯಿಯವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿಯೆಂಬ ಪುಸ್ತಕವನ್ನೂ ಬರೆದರು. ಆ ಪುಸ್ತಕದಲ್ಲಿ ಹೆಂಗಸರ ಅಜ್ಞಾನ, ಆಲಸ್ಯಗಳನ್ನು ತಿದ್ದುವ ಉಪದೇಶದ ಧ್ವನಿಯೇ ಹೆಚ್ಚು. ಬರೆದವರಿಗೆ ಆಗಿನ್ನೂ ಇಪ್ಪತ್ತನಾಲ್ಕು ವರುಷ.

1883ರಲ್ಲಿ ವೈದ್ಯವಿದ್ಯೆಯನ್ನು ಕಲಿಯುವ ಹಂಬಲದಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಆ ಆಸೆ ಈಡೇರಲಿಲ್ಲ. ಅವರಿಗೆ ಆಶ್ರಯವಿತ್ತ ವಾಂಟೇಜಿನ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಾಮ್ ಎಂಬಲ್ಲಿ ಒಂದು ಮನೆಯನ್ನು ನಡೆಸುತ್ತಿದ್ದರು. ಸಮಾಜವು ಪತಿತೆಯರೆಂದು ಕರೆದು ಹೊರದೂಡಿದ ಹೆಣ್ಣುಗಳ ಮನೆ ಅದು. ಅಲ್ಲಿಗೆ ಹೋದ ರಮಾಬಾಯಿಯವರು, ಅಂಥ ಸ್ತ್ರೀಯರನ್ನು ಸೋದರಿಯರಂತೆ ಉಪಚರಿಸುವುದನ್ನೂ, ಉದ್ಧಾರಗೊಂಡವರೇ ಇತರರ ಸೇವೆಗೆ ನಿಂತಿರುವುದನ್ನೂ ಕಂಡು ದಂಗಾದರು. ಶಾಸ್ತ್ರಗಳಲ್ಲಿ ಅವರು ಓದಿದ್ದುದು ದಂಡನೆಯ ವಿಧಿಗಳನ್ನು. ಈ ಆದರಕ್ಕೆ ಕಾರಣವೇನೆಂದು ಕೇಳಿದಾಗ, ಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಅವರಿಗೆ ಹೇಳಿದರು. ಆ ವರುಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಆದರೆ ಪಾದ್ರಿಗಳು ಹೇಳಿದುದಕ್ಕೆಲ್ಲ ತಲೆದೂಗುವ ಸ್ವಭಾವ ಅವರದಲ್ಲ. ಪರೀಕ್ಷಿಸದೆ ಯಾವ ತತ್ತ್ವವನ್ನೂ ಒಪ್ಪುತ್ತಿರಲಿಲ್ಲ; ಹೀಗಾಗಿ ತಮ್ಮನ್ನು ಮಗಳಂತೆ ಕಂಡ ಸಂನ್ಯಾಸಿನಿಯರೊಡನೆಯೂ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿದರು. ವೇಷ ಬಿಳಿಯ ಸೀರೆ, ಊಟ ಸಸ್ಯಾಹಾರ, ಇವೆರಡನ್ನೂ ಬಿಡಲಿಲ್ಲ.

1886ರಲ್ಲಿ ಅಮೇರಿಕೆಗೆ ತೆರಳಿ, ಮರುವರುಷ ಉಚ್ಚವರ್ಣದ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿ ದೊರೆತ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಬಂದಿತು. ಬಾಲವಿಧವೆಯರಿಗೆ ವಿದ್ಯೆ, ಹೊಟ್ಟೆ ತುಂಬ ಊಟ, ಓಡಾಡಲು ಸ್ವಾತಂತ್ರ್ಯ. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿಯೂ ಒಬ್ಬಳು. ಮುಂದೆ ಮಹರ್ಷಿ ಕರ್ವೆಯವರ ಪತ್ನಿಯಾದವಳು ಅವಳೇ. ಸದನದಲ್ಲಿ ಯಾರ ಮತವನ್ನೂ ಕೆಣಕುವುದಿಲ್ಲವೆಂಬುದು ಆರಂಭದ ಒಪ್ಪಂದ. ಆದರೆ ರಮಾಬಾಯಿಯವರು ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲನ್ನು ಮುಚ್ಚಲೊಲ್ಲರು. ಹುಡುಗಿಯರು ಬಂದು ಕುಳಿತರು. 1893ರಲ್ಲಿ ಪುಣೆಯೆಲ್ಲ ಗುಲ್ಲಾಯಿತು. ತಿಲಕರ ಕೇಸರಿಯು ಕಟುವಾಗಿ ಖಂಡಿಸಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಿದ್ದರು. ಪಾಲಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪುಣೆಯ ಜನರ ಆ ಭೀತಿ ಕೇವಲ ನಿರಾಧಾರವಾಗಿತ್ತೆಂದು ನಾವು ಹೇಳಲಾರೆವು; ಮುಂದೆ ಅನೇಕರು ಕ್ರೈಸ್ತರಾದುದು ನಿಜ. ಆದರೆ ಬಿಡಿಸಿಕೊಂಡು ಹೋದ ಆ ಮಕ್ಕಳು ಹಿಂತಿರುಗಿದುದು ಎಂಥ ಮನೆಗಳಿಗೆ ಎಂಬ ಪ್ರಶ್ನೆ ಮಾತ್ರ ನಮ್ಮನ್ನು ಕಾಡದೆ ಬಿಡದು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತು. ಇಪ್ಪತ್ತು ವರುಷಗಳ ಹಿಂದಿನ ತಮ್ಮ ಹಸಿವು ನೆನಪಾಗಿ ರಮಾಬಾಯಿಯವರು ಹೊರಟುಬಿಟ್ಟರು. ಪರಿಹಾರ ಕೇಂದ್ರಗಳ ಸುತ್ತ ದಿಕ್ಕಿಲ್ಲದ ಹೆಣ್ಣುಗಳಿಗೆ ಬಲೆ ಬೀಸುವವರನ್ನು ಕಂಡು, ಸುಮಾರು 300 ಮಂದಿ ಹೆಂಗಸರನ್ನೂ ಮಕ್ಕಳನ್ನೂ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗಿನ ಕಾಲ, ಊರೊಳಗೆ ಇಡುವಂತಿಲ್ಲ. ಕೇಡಗಾಂವದಲ್ಲಿ ಕೊಂಡಿದ್ದ ಹೊಲದಲ್ಲಿಯೇ ಡೇರೆಗಳೆದ್ದವು. ಮುಕ್ತಿ ಸದನದ ಪ್ರಾರಂಭ ಹೀಗೆ. ಅದೇ ವರುಷ ಪ್ಲೇಗಿನ ಹೆಸರಿನಲ್ಲಿ ಸ್ತ್ರೀಯರಿಗಾಗುತ್ತಿದ್ದ ಅವಮಾನವನ್ನು ಅವರು ಪತ್ರಿಕೆಯಲ್ಲಿ ಬಯಲಿಗೆಳೆದು ಸರಕಾರದ ಕೋಪಕ್ಕೂ ಗುರಿಯಾದರು. ಅವರ ನಾಲಗೆಯ ಬಿರುಸೆಲ್ಲ ಬಲವುಳ್ಳವರಿಗೆ ಮೀಸಲಾಗಿತ್ತು.

ಬಂದವರಲ್ಲಿ ಶೀಲ ಕೆಟ್ಟವರೆಂದು ಲೋಕವು ಹಣೆಪಟ್ಟಿ ಕಟ್ಟಿದವರೂ ಇದ್ದರು, ಆ ಬಾಳಿನಿಂದ ರೋಗ ತಗುಲಿಸಿಕೊಂಡವರೂ ಇದ್ದರು. ಇವರಿಗಾಗಿ 1899ರಲ್ಲಿ ಕೃಪಾ ಸದನವೇ ಬೇರೆಯಾಗಿ ಎದ್ದಿತು. ಫುಲ್ಹಾಮಿನಲ್ಲಿ ಕಂಡ ಮನೆಯು ಹದಿನಾರು ವರುಷಗಳ ಬಳಿಕ ಮಹಾರಾಷ್ಟ್ರದ ಬಯಲಿನಲ್ಲಿ ಹೀಗೆ ಮರುಹುಟ್ಟು ಪಡೆಯಿತು. ಮರುವರುಷ ಗುಜರಾತದ ಕ್ಷಾಮದಿಂದ ಇನ್ನೂ ನೂರಾರು ಜನ ಬಂದು, ನಿವಾಸಿಗಳ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಅಷ್ಟು ಬಾಯಿಗಳಿಗೆ ಅನ್ನ ಹಾಕುವುದೆಂದರೇನು! ಬಾವಿ ತೋಡಿಸಿದರು, ಹೊಲ ಉಳಿಸಿದರು. ನೇಯ್ಗೆ, ಗಾಣ, ಹೈನುಗಾರಿಕೆ, ಮುದ್ರಣ ಎಲ್ಲವೂ ಹೆಣ್ಣುಕೈಗಳಿಂದಲೇ ನಡೆದವು. ಕುರುಡರಿಗೆ ಬ್ರೈಲ್ ಅಕ್ಷರಗಳನ್ನು ಕಲಿಸಿದರು. ಮನೋರಮಾಬಾಯಿಯವರು ತಾಯಿಯ ಬಲಗೈಯಾದರು. 1912ರ ಸುಮಾರಿಗೆ ಗುಲ್ಬರ್ಗೆಯಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಶಾಲೆಯನ್ನೂ ತೆರೆದರು.

ರಮಾಬಾಯಿಯವರ ಕೊನೆಯ ವರುಷಗಳು ಬೈಬಲಿನ ಭಾಷಾಂತರದಲ್ಲಿ ಕಳೆದವು. ಅದಕ್ಕಾಗಿಯೇ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಬರೆದುದು ಪಂಡಿತರ ಮರಾಠಿಯಲ್ಲಲ್ಲ. ತಮ್ಮ ಸದನದ ಓದುಬರಹ ಕಡಿಮೆಯಿದ್ದ ಹೆಂಗಸರಿಗೆ ತಿಳಿಯುವ ಮರಾಠಿಯಲ್ಲಿ. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು. ಒಂಬತ್ತು ತಿಂಗಳೂ ತುಂಬಲಿಲ್ಲ. 1922ರ ಏಪ್ರಿಲ್ 5ರಂದು ತಾಯಿಯೂ ಹೊರಟುಹೋದರು. ಸದನದ ಹೆಣ್ಣುಮಕ್ಕಳು ಮೊಳೆ ಜೋಡಿಸಿ ಅಚ್ಚುಹಾಕಿದ ಆ ಬೈಬಲು 1924ರಲ್ಲಿ ಹೊರಬಂದಿತು.