ಗಿಫರ್ಡ್ ಪಿನ್‌ಶೋ: ಕಾಡಿನ ಆದಾಯದಲ್ಲಿ ಶಾಲೆಯ ಪಾಲು

ಅಮೆರಿಕದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದ ಗಿಫರ್ಡ್ ಪಿನ್‌ಶೋ ಅವರು 1865ರ ಆಗಸ್ಟ್ 11ರಂದು ಕನೆಕ್ಟಿಕಟ್ ರಾಜ್ಯದ ಸಿಮ್ಸ್‌ಬರಿಯಲ್ಲಿ ಜನಿಸಿದರು. ಅಜ್ಜ ಮರದ ವ್ಯಾಪಾರಿ. ತಂದೆ ಗೋಡೆಗೆ ಅಂಟಿಸುವ ಅಲಂಕಾರಿಕ ಕಾಗದ ಮಾರಿ ಶ್ರೀಮಂತರಾದವರು. ಕಾಡು ಕಡಿದ ಮನೆತನದ ಹುಡುಗ ಕಾಡು ಕಾಯುವುದನ್ನು ಕಲಿಯಲಿ ಎಂಬುದು ಆ ತಂದೆಯ ಆಸೆ.

ಆಗ ಅಮೆರಿಕದಲ್ಲಿ ಅರಣ್ಯಶಾಸ್ತ್ರ ಕಲಿಸುವ ಕಾಲೇಜು ಇರಲಿಲ್ಲ. 1889ರಲ್ಲಿ ಯೇಲ್‌ನಲ್ಲಿ ಪದವಿ ಪಡೆದ ಪಿನ್‌ಶೋ ಫ್ರಾನ್ಸಿನ ನ್ಯಾನ್ಸಿ ಅರಣ್ಯ ಶಾಲೆಗೆ ಹೋದರು. ಯುರೋಪಿನಲ್ಲಿ ಅವರಿಗೆ ಗುರುವಾಗಿ ದೊರೆತವರು ಡೀಟ್ರಿಚ್ ಬ್ರಾಂಡಿಸ್. ಇವರು 1864ರಿಂದ ಸುಮಾರು ಎರಡು ದಶಕ ಕಾಲ ನಮ್ಮ ಭಾರತದಲ್ಲೇ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಇಲ್ಲಿನ ಕಾಡುಗಳಲ್ಲಿ ಪಡೆದ ಅನುಭವವು ಹೀಗೆ ಗುರುವಿನ ಮೂಲಕ ಅಮೆರಿಕವನ್ನೂ ತಲುಪಿತು.

1898ರಲ್ಲಿ ಸರ್ಕಾರದ ಪುಟ್ಟ ಅರಣ್ಯ ವಿಭಾಗದ ಹೊಣೆ ಪಿನ್‌ಶೋ ಅವರಿಗೆ ಬಂತು. ವಿಭಾಗಕ್ಕೆ ಸಿಬ್ಬಂದಿಯಿತ್ತು, ಆದರೆ ಕಾಡುಗಳು ಬೇರೆ ಇಲಾಖೆಯ ವಶದಲ್ಲಿದ್ದವು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರ ಬೆಂಬಲದಿಂದ 1905ರ ಫೆಬ್ರವರಿ 1ರಂದು ಕಾಡುಗಳು ಕೃಷಿ ಇಲಾಖೆಗೆ ವರ್ಗವಾದವು. ಅಂದೇ ಕೃಷಿ ಸಚಿವರು ಪಿನ್‌ಶೋ ಅವರಿಗೆ ಕಳುಹಿಸಿದ ಆದೇಶಪತ್ರ ಪ್ರಸಿದ್ಧವಾಗಿದೆ. ಸ್ಥಳೀಯ ಪ್ರಶ್ನೆಗಳನ್ನು ಸ್ಥಳದ ಪರಿಸ್ಥಿತಿ ನೋಡಿಯೇ ತೀರ್ಮಾನಿಸಬೇಕೆಂಬ ಸೂಚನೆ ಅದರಲ್ಲಿತ್ತು. ತಮಾಷೆಯೆಂದರೆ, ಆ ಪತ್ರದ ಕರಡನ್ನು ಬರೆದವರು ಸ್ವತಃ ಪಿನ್‌ಶೋ!

ತೊಡಕು ಶುರುವಾದದ್ದು ಹಣದ ವಿಚಾರದಲ್ಲಿ. ಅಮೆರಿಕದಲ್ಲಿ ರಾಜ್ಯದೊಳಗೆ ಕೌಂಟಿಗಳಿವೆ. ನಮ್ಮ ಜಿಲ್ಲೆಗೆ ಹೋಲಿಸಬಹುದಾದ ಆಡಳಿತ ಘಟಕಗಳು ಅವು. ಅಲ್ಲಿನ ಶಾಲೆ, ರಸ್ತೆಗಳು ಬಹುಮಟ್ಟಿಗೆ ಭೂಮಿಯ ಮೇಲಿನ ತೆರಿಗೆಯಿಂದ ನಡೆಯುತ್ತಿದ್ದವು. ಕೇಂದ್ರ ಸರ್ಕಾರದ ಭೂಮಿಗೆ ಕೌಂಟಿ ತೆರಿಗೆ ಹಾಕುವಂತಿಲ್ಲ. ಪಶ್ಚಿಮದ ಕೆಲವು ಕೌಂಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲ ಸರ್ಕಾರಿ ಕಾಡಾದಾಗ ಅಲ್ಲಿನ ಮೇಷ್ಟರಿಗೆ ಸಂಬಳ ಎಲ್ಲಿಂದ ಬರಬೇಕು? ಒಂದು ಕೊಠಡಿಗಾಗಿ ಕಡತದ ಹಿಂದೆ ಅಲೆದ ನಮ್ಮೂರ ಹಿರಿಯರಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಬೇಕಿಲ್ಲ.

ಇದಕ್ಕೆ ಕಂಡುಕೊಂಡ ದಾರಿ ಆದಾಯದ ಹಂಚಿಕೆ. ಮರದ ಮಾರಾಟ ಮತ್ತು ಮೇವಿನ ಶುಲ್ಕದಿಂದ ಬಂದ ಹಣದಲ್ಲಿ ಶೇ. 10ರಷ್ಟನ್ನು ಕಾಡಿರುವ ಕೌಂಟಿಗಳ ಶಾಲೆ ಮತ್ತು ರಸ್ತೆಗಳಿಗೆ ರಾಜ್ಯದ ಮೂಲಕ ಕೊಡಬೇಕೆಂದು 1906ರಲ್ಲಿ ಕಾನೂನಾಯಿತು. ಪಿನ್‌ಶೋ ಮೇವಿಗೆ ಶುಲ್ಕ ವಿಧಿಸಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಬಿಟ್ಟಿಯಾಗಿ ದನ ಮೇಯಿಸುತ್ತಿದ್ದವರು ರೇಗಿದರು. 1907ರಲ್ಲಿ ಡೆನ್ವರ್‌ನಲ್ಲಿ ನಡೆದ ಸಾರ್ವಜನಿಕ ಭೂಮಿ ಸಮ್ಮೇಳನಕ್ಕೆ ಪಿನ್‌ಶೋ ತಾವೇ ಹೋಗಿ, ಸಿಟ್ಟಾಗಿದ್ದ ಸಭಿಕರ ಮುಂದೆ ನಿಂತು ಉತ್ತರ ಕೊಟ್ಟರು. ಅಧಿಕಾರಿಗಳು ಇದನ್ನು ಗಮನಿಸಬೇಕು.

ಅದೇ ವರ್ಷ ಸಂಸತ್ತು ಅವರಿಗೆ ಎರಡು ಕಡೆ ಕಡಿವಾಣ ಹಾಕಿತು. ಆರು ವಾಯವ್ಯ ರಾಜ್ಯಗಳಲ್ಲಿ ಹೊಸ ಮೀಸಲು ಅರಣ್ಯ ಘೋಷಿಸುವ ಅಧಿಕಾರವನ್ನು ಅಧ್ಯಕ್ಷರಿಂದ ಕಿತ್ತುಕೊಂಡಿತು. ಸಹಿ ಬೀಳುವ ಮೊದಲೇ ರೂಸ್‌ವೆಲ್ಟ್ ಮತ್ತು ಪಿನ್‌ಶೋ ಅಲ್ಲಿ ಸುಮಾರು 1 ಕೋಟಿ 60 ಲಕ್ಷ ಎಕರೆಯನ್ನು ಮೀಸಲಿಟ್ಟರು. ಈ ಜಾಣತನದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಎರಡನೆಯ ಕಡಿವಾಣದ ಬಗ್ಗೆ ಹೇಳುವವರು ಕಡಿಮೆ. ಅಲ್ಲಿಯವರೆಗೆ ಕಾಡಿನ ಆದಾಯ ಇಲಾಖೆಯ ವಿಶೇಷ ನಿಧಿಗೆ ಸೇರುತ್ತಿತ್ತು. ಆ ನಿಧಿ ರದ್ದಾಗಿ ಹಣವೆಲ್ಲ ಖಜಾನೆಗೆ ಹೋಗತೊಡಗಿತು. ಪ್ರತಿ ವರ್ಷ ಸಂಸತ್ತಿನ ಮುಂದೆ ಕೈಚಾಚುವ ಸ್ಥಿತಿ ಪಿನ್‌ಶೋ ಅವರಿಗೆ ಬಂತು. ನನಗನ್ನಿಸುವಂತೆ ಅದು ತಪ್ಪಲ್ಲ. ಎಷ್ಟೇ ಪ್ರಾಮಾಣಿಕರಾದರೂ ತಾವೇ ಗಳಿಸಿ ತಾವೇ ಖರ್ಚು ಮಾಡುವವರ ಲೆಕ್ಕವನ್ನು ಇನ್ನೊಬ್ಬರು ನೋಡಬೇಕು. 1908ರಲ್ಲಿ ಕೌಂಟಿಗಳ ಪಾಲು ಶೇ. 25ಕ್ಕೆ ಏರಿತು.

ಈ ಏರ್ಪಾಟಿನಲ್ಲಿ ಎರಡು ಕೊರತೆಗಳಿದ್ದವು. ಸಾರ್ವಜನಿಕ ಭೂಮಿ ಎನಿಸಿಕೊಂಡ ಈ ನೆಲ ಮೊದಲು ಮೂಲನಿವಾಸಿ ಬುಡಕಟ್ಟುಗಳದ್ದು. ಪಾಲು ಹಂಚುವಾಗ ಅವರನ್ನು ಯಾರೂ ನೆನೆಯಲಿಲ್ಲ. ಇನ್ನೊಂದು, ಹೆಚ್ಚು ಮರ ಉರುಳಿದಷ್ಟೂ ಶಾಲೆಗೆ ಹೆಚ್ಚು ಹಣ ಎಂಬ ನಂಟು. ಕಾಡು ಉಳಿಸಲು ಹೊರಟ ವ್ಯವಸ್ಥೆಯಲ್ಲೇ ಮಕ್ಕಳ ಪಾಠ ಕೊಡಲಿಗೆ ಗಂಟುಬಿತ್ತು.

1910ರ ಜನವರಿಯಲ್ಲಿ ಒಳಾಡಳಿತ ಸಚಿವ ಬ್ಯಾಲಿಂಜರ್ ಅವರೊಡನೆ ನಡೆದ ಜಗಳದಿಂದಾಗಿ ಅಧ್ಯಕ್ಷ ಟಾಫ್ಟ್ ಪಿನ್‌ಶೋ ಅವರನ್ನು ವಜಾ ಮಾಡಿದರು. ಮುಂದೆ ಅವರು ಎರಡು ಬಾರಿ ಪೆನ್ಸಿಲ್ವೇನಿಯಾದ ರಾಜ್ಯಪಾಲರಾಗಿ ಚುನಾಯಿತರಾದರು. ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಆಡಳಿತ ನಡೆಸುವವರು. 1931ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಹಳ್ಳಿಗಳ ಸುಮಾರು 20,000 ಮೈಲಿ ಕೆಸರು ದಾರಿಗಳನ್ನು ರಾಜ್ಯವೇ ವಹಿಸಿಕೊಂಡು, ಕಡಿಮೆ ಖರ್ಚಿನಲ್ಲಿ ರಸ್ತೆ ಮಾಡಿಸುವ ಕೆಲಸ ಹಿಡಿಯಿತು. ನಿರುದ್ಯೋಗಿಗಳಿಗೆ ಕೂಲಿ ಸಿಗಲೆಂದು ಯಂತ್ರಕ್ಕಿಂತ ಕೈಕೆಲಸಕ್ಕೆ ಒತ್ತು ಕೊಟ್ಟರು. ಜನ ಇಂದಿಗೂ ಅವನ್ನು ಪಿನ್‌ಶೋ ರಸ್ತೆಗಳೆನ್ನುತ್ತಾರೆ. 1946ರ ಅಕ್ಟೋಬರ್ 4ರಂದು ಅವರು ತೀರಿಕೊಂಡರು.

1990ರ ದಶಕದಲ್ಲಿ ಸರ್ಕಾರಿ ಕಾಡುಗಳ ಮರ ಮಾರಾಟ ಕುಸಿದಾಗ, ಆರೆಗಾನ್ ಮೊದಲಾದ ರಾಜ್ಯಗಳ ಶಾಲೆಗಳ ಪಾಲೂ ಕುಸಿಯಿತು. ಕಡಿತಕ್ಕೂ ಅನುದಾನಕ್ಕೂ ಇದ್ದ ನಂಟನ್ನು ಸಡಿಲಿಸಲು 2000ದಲ್ಲಿ ಹೊಸ ಕಾಯ್ದೆ ಬಂತು. ಹಣದ ಒಂದು ಭಾಗವನ್ನು ಸಾರ್ವಜನಿಕ ಭೂಮಿಯಲ್ಲೇ ಹೊಳೆ ದುರಸ್ತಿ, ರಸ್ತೆ ನಿರ್ವಹಣೆ, ಕಳೆ ತೆಗೆಯುವಂಥ ಕೆಲಸಗಳಿಗೆ ಬಳಸಬಹುದು. ಆ ಕೆಲಸಗಳನ್ನು ಶಿಫಾರಸು ಮಾಡಲು 15 ಜನರ ಸ್ಥಳೀಯ ಸಮಿತಿಗಳಿವೆ. ಮರದ ಉದ್ದಿಮೆ, ಕಾರ್ಮಿಕರು ಮೊದಲಾದವರದು ಒಂದು ಗುಂಪು. ಪರಿಸರ ಸಂಘಟನೆಗಳು ಮೊದಲಾದವರದು ಇನ್ನೊಂದು. ಚುನಾಯಿತ ಪ್ರತಿನಿಧಿಗಳು, ಬುಡಕಟ್ಟುಗಳ ಪ್ರತಿನಿಧಿಗಳು, ಶಿಕ್ಷಕರು ಮೊದಲಾದವರದು ಮೂರನೆಯದು. ಮೂರೂ ಗುಂಪುಗಳಲ್ಲಿ ಬಹುಮತ ಸಿಕ್ಕ ಕೆಲಸಕ್ಕೆ ಮಾತ್ರ ಶಿಫಾರಸು.