30 ವ್ಯಾಟಿನ ಮೇಷ್ಟ್ರು

ನಮ್ಮ ಕ್ಲಾಸ್‌ರೂಮಿನ ಹಳೇ ಟ್ಯೂಬ್‌ಲೈಟು 40 ವ್ಯಾಟು. ಅದಕ್ಕಿಂತಲೂ ಕಡಿಮೆ, ಬರೀ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮೈಸೂರಿನ ಒಬ್ಬ ಕಾಲೇಜು ಮೇಷ್ಟ್ರು ರೇಡಿಯೋ ಕೇಂದ್ರ ಶುರುಮಾಡಿದರು. ಅವರೇ ಎಂ. ವಿ. ಗೋಪಾಲಸ್ವಾಮಿ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಅವರ ಹೆಸರನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅಷ್ಟೇ. ಈ ಸಲ ಕಾಲೇಜಿನ ಫುಟ್‌ಬಾಲ್ ಪಂದ್ಯಗಳನ್ನು ಮೊಬೈಲಲ್ಲಿ ಲೈವ್ ಮಾಡೋಣ ಅಂತ ಹೊರಟಾಗ ಕಾಮೆಂಟರಿ ಯಾವ ಭಾಷೆಯಲ್ಲಿ ಎಂಬ ಜಗಳ ನಮ್ಮ ಸಂಘದಲ್ಲಿ ಎದ್ದಿತು. ಆಗ ಈ ಮೇಷ್ಟ್ರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕೆನಿಸಿತು.

ಗೋಪಾಲಸ್ವಾಮಿ ಹುಟ್ಟಿದ್ದು 1896ರಲ್ಲಿ. ಅವರು ನಮ್ಮ ಹಾಗೆ ಇಂಜಿನಿಯರಿಂಗ್ ಓದಿದವರಲ್ಲ, ಮನಃಶಾಸ್ತ್ರದವರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದು, 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಇಡೀ ದೇಶದಲ್ಲಿ ಅಂಥ ವಿಭಾಗಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು. ಜನ ಹೇಗೆ ಕೇಳುತ್ತಾರೆ, ಹೇಗೆ ಕಲಿಯುತ್ತಾರೆ ಅನ್ನೋದೇ ಅವರ ವಿಷಯ. ಅಂಥವರಿಗೆ ರೇಡಿಯೋ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ವಿಠಲ ವಿಹಾರದಿಂದಲೇ ಅವರು ಪ್ರಸಾರ ಆರಂಭಿಸಿದರು. ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ 250 ವ್ಯಾಟಿನ ಟ್ರಾನ್ಸ್‌ಮಿಟರ್ ತರಿಸಿದರು. ಇಲ್ಲಿ ಒಂದು ಸಣ್ಣ ಲೆಕ್ಕ: ಶಕ್ತಿ ಎಂಟು ಪಟ್ಟು ಹೆಚ್ಚಾದರೆ ದೂರ ಎಂಟು ಪಟ್ಟು ಹೆಚ್ಚಾಗಲ್ಲ. ಸಿಗ್ನಲ್ಲಿನ ತೀವ್ರತೆ ಶಕ್ತಿಯ ವರ್ಗಮೂಲದಂತೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು ಮಾತ್ರ. ಆ ಮೂರು ಪಟ್ಟಿಗಾಗಿ ಮೇಷ್ಟ್ರು ಕೈಯಿಂದ ದುಡ್ಡು ಹಾಕಿದರು. ಮೈಸೂರು ಪುರಸಭೆಯೂ ನೆರವಾಯಿತು. ಆರು ವರ್ಷ ಹೀಗೆ ನಡೆಸಿದ ಮೇಲೆ, 1942ರಲ್ಲಿ ಮೈಸೂರು ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು.

ಆಗ ರೇಡಿಯೋ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು. ಸೆಟ್ಟು ಇದ್ದ ಮನೆಗಳು ಕೆಲವೇ ಕೆಲವು. ಆ ಹೊತ್ತು ಎಷ್ಟು ಜನ ಕೇಳುತ್ತಿದ್ದಾರೆ ಎಂದು ತಿಳಿಯುವ ಯಾವ ಮೀಟರೂ ಮೇಷ್ಟ್ರ ಮುಂದೆ ಇರಲಿಲ್ಲ. ಆದರೂ ಅವರು ನಿಲ್ಲಿಸಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಬೆಂಗಳೂರಿನ ಫುಟ್‌ಬಾಲ್ ಎಲ್ಲಿತ್ತು ನೋಡಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅಹಮದ್ ಖಾನ್ ಬೆಂಗಳೂರಿನವರೇ. ಇವರ ಆಟವನ್ನು ಮನೆಯಲ್ಲಿ ಕೂತು ನೋಡುವ ದಾರಿ ಊರಿನವರಿಗೆ ಇರಲಿಲ್ಲ. ಆಮೇಲೆ ಟಿವಿ ಬಂತು, ವಿಶ್ವಕಪ್ ಮನೆಯೊಳಗೆ ಬಂತು. ಇವತ್ತು ಹಲಸೂರಿನ ಗೌತಮಪುರಕ್ಕೆ ಹೋದರೆ ಪೆಲೆಯ ಪ್ರತಿಮೆ ಕಾಣುತ್ತದೆ. ಪೆಲೆ ಅಲ್ಲಿರೋದು ಸರಿಯೇ. ಆದರೆ ಅಹಮದ್ ಖಾನ್ ಯಾರು ಅಂತ ನಮ್ಮ ಎಷ್ಟು ಹುಡುಗರಿಗೆ ಗೊತ್ತು? ಯಾರ ಆಟ ಪ್ರಸಾರವಾಯಿತೋ ಅವರೇ ನೆನಪಿನಲ್ಲಿ ಉಳಿದರು.

1955ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು, ಮೈಸೂರಿನ ಕೇಂದ್ರ ಇಲ್ಲಿಗೆ ಬಂತು. ರಾಜಭವನ ರಸ್ತೆಯ ಆ ಕಟ್ಟಡ ನಮ್ಮ ಹಲಸೂರಿನಿಂದ ದೂರವೇನಲ್ಲ. 1957ರಲ್ಲಿ ಗೋಪಾಲಸ್ವಾಮಿ ತೀರಿಕೊಂಡರು. ಅವರ ಮನೆಯ ಕೇಂದ್ರದ ಹೆಸರು ಅಷ್ಟರಲ್ಲಿ ಇಡೀ ದೇಶದ ರೇಡಿಯೋದ ಹೆಸರಾಗುತ್ತಿತ್ತು.

ಈಗ ನಮ್ಮ ಜಗಳಕ್ಕೆ ಬರೋಣ. ರೇಡಿಯೋದಲ್ಲಿ ಒಬ್ಬ ಕೇಳಿದರೂ ಸಾವಿರ ಜನ ಕೇಳಿದರೂ ಟ್ರಾನ್ಸ್‌ಮಿಟರಿಗೆ ಒಂದೇ ಖರ್ಚು. ಸ್ಟ್ರೀಮಿಂಗ್‌ನಲ್ಲಿ ಹಾಗಲ್ಲ, ಪ್ರತಿಯೊಬ್ಬ ನೋಡುಗನಿಗೂ ಸರ್ವರ್‌ನಿಂದ ಬೇರೆ ಪ್ರತಿ ಹೋಗಬೇಕು. ಹೋದದ್ದಕ್ಕೆಲ್ಲ ಲೆಕ್ಕ ಇರುತ್ತದೆ. ಎಷ್ಟು ಜನ ಬಂದರು, ಯಾವ ನಿಮಿಷಕ್ಕೆ ಎದ್ದುಹೋದರು, ಎಲ್ಲ ಸ್ಕ್ರೀನಿನ ಮೇಲೆ. ಆ ಅಂಕಿ ನೋಡಿಯೇ ಕೆಲವು ಗೆಳೆಯರು ಹೇಳಿದ್ದು, ಕನ್ನಡ ಕಾಮೆಂಟರಿಗೆ 40 ಜನವೂ ಬರಲ್ಲ, ಇಂಗ್ಲಿಷಿನಲ್ಲೇ ಮಾಡೋಣ ಅಂತ.

ನಮಗೆ ಈ ವಾದ ಒಪ್ಪಿಗೆಯಾಗಲಿಲ್ಲ. ವಿಶ್ವಕಪ್ ತೋರಿಸೋಕೆ ಜಗತ್ತಿನ ಕ್ಯಾಮೆರಾಗಳಿವೆ. ನಮ್ಮ ಮೈದಾನದ ಸೆಮಿಫೈನಲ್ ತೋರಿಸೋಕೆ ಇರೋದು ನಾವು ಮಾತ್ರ. ಲೈವ್ ಹತ್ತಾರು ಸೆಕೆಂಡ್ ತಡ, ನಿಜ. ಪಕ್ಕದ ಬೀದಿಯವರಿಗೆ ಗೋಲಿನ ಕೂಗು ಮೊದಲು ಕೇಳುತ್ತದೆ, ಗೋಲು ಆಮೇಲೆ ಕಾಣುತ್ತದೆ. ಅವರು ಹೇಗೂ ಮೈದಾನಕ್ಕೇ ಬರಲಿ. ಆದರೆ ಊರಲ್ಲಿ ಕೂತು ಮಗನ ಆಟ ನೋಡುವ ಅಪ್ಪ ಅಮ್ಮಂದಿರಿಗೆ ಬೇರೆ ದಾರಿಯಿಲ್ಲ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಆಟ ಹೇಳಬೇಕು. ಹಲಸೂರಿನ ಮೈದಾನದಲ್ಲಿ ತಮಿಳು, ಉರ್ದು, ಕನ್ನಡ ಎಲ್ಲ ಕಲೆತು ಕೂಗು ಏಳುತ್ತದೆ, ಅದೂ ಮೈಕಿಗೆ ಬೀಳಲಿ.

ಹಾಗಾಗಿ ಸೆಮಿಫೈನಲ್ಲಿನಿಂದ ಕನ್ನಡ ಕಾಮೆಂಟರಿ ಇರುತ್ತದೆ. 40 ಜನ ಬಂದರೆ 40 ಜನಕ್ಕೇ ಹೇಳೋಣ. ಆಫ್‌ಸೈಡ್ ಅಂದರೇನು ಅಂತ ಅಜ್ಜಿಗೂ ತಿಳಿಯುವ ಹಾಗೆ ಹೇಳಬಲ್ಲವರು ಸಂಘದ ಕೋಣೆಗೆ ಬನ್ನಿ, ಮೈಕು ರೆಡಿ ಇದೆ.